ಕೊಕ್ಕೊ ಕಣ್ಣುಕಸಿಗೆ ಮಳೆಗಾಲ ಬೇಡವೇ?

ಕಣ್ಣುಕಸಿ ಅಂದರೆ ತಾಯಿಮರದ ಕಡ್ಡಿಯಿಂದ ಕಣ್ಣನ್ನು, ಅಂದರೆ ಮೊಗ್ಗನ್ನು, ತೊಗಟೆ ಸಮೇತ ತೆಗೆದು, ಬೇರೆ ಸಸಿಯ ತೊಗಟೆ ಎಬ್ಬಿಸಿ ಅದರಡಿ ಕೂರಿಸಿ ಪಟ್ಟಿಯಿಂದ ಕಟ್ಟುವುದು. ಮಳೆಗಾಲದಲ್ಲಿ ಹೀಗೆ ಕಟ್ಟಿದ ಕಣ್ಣುಗಳು ಕಪ್ಪಾಗಿ ಕೊಳೆತವು, ಕೊಕ್ಕೊಗೆ ಬೇಸಿಗೆಯೇ ಸರಿಯಾ ಅಂತ ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು. ಮಳೆಯದೇ ತಪ್ಪು ಅಂದುಕೊಂಡು ಬೇಸಿಗೆಗೆ ಕಾದೆ. ಆಗ ಸಸಿಯ ತೊಗಟೆ ಬಿಡಲೇ ಇಲ್ಲ. ಎಬ್ಬಿಸಲು ಹೋದರೆ ನಾರುನಾರಾಗಿ ಹರಿಯುತ್ತಿತ್ತು.

ನಾನು ಕೆಟ್ಟದ್ದು ಪಟ್ಟಿ ಸುತ್ತುವುದರಲ್ಲಿ. ಪ್ಲಾಸ್ಟಿಕ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಸುತ್ತುತ್ತಿದ್ದೆ. ಹಾಗೆ ಸುತ್ತಿದರೆ ಪ್ರತಿ ಸುತ್ತಿನ ಮೇಲಂಚು ಬಾಯಿ ತೆರೆದ ಹಾಗೆ ಉಳಿಯುತ್ತದೆ. ಕಾಂಡದಲ್ಲಿ ಇಳಿದು ಬರುವ ನೀರು ನೇರವಾಗಿ ಅದರೊಳಗೆ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚುತ್ತದೆ, ಮಾಡಿಗೆ ಹೊದಿಸಿದ ಹಂಚಿನ ಹಾಗೆ. ಕಣ್ಣು ಸಸಿಗೆ ಬೆಸೆಯುವುದು ತೊಗಟೆಯ ಅಡಿಯ ತೆಳು ಪದರದಲ್ಲಿ. ಅಲ್ಲಿ ನೀರು ನಿಂತರೆ ಎರಡೂ ಕೂಡುವ ಮೊದಲೇ ಕೊಳೆ ಶುರುವಾಗುತ್ತದೆ. ಹೊರಗಿನಿಂದ ಕಟ್ಟು ಬಿಗಿಯಾಗಿಯೇ ಕಾಣುತ್ತದೆ, ಅದಕ್ಕೇ ಇದು ಬೇಗ ಗೊತ್ತಾಗುವುದಿಲ್ಲ. ದಯವಿಟ್ಟು ನಿಮ್ಮ ಕಟ್ಟುಗಳನ್ನು ಮೊದಲು ನೋಡಿ.

ಹಾಗಾಗಿ ಯಾವ ತಿಂಗಳು ಅನ್ನುವ ಪ್ರಶ್ನೆಯನ್ನೇ ಬಿಡಿ ಅನ್ನುತ್ತೇನೆ. ನೀರು ಚೆನ್ನಾಗಿ ಸಿಕ್ಕಿ ಸಸಿ ಬೆಳೆಯುತ್ತಿದ್ದರೆ ತೊಗಟೆ ಸಲೀಸಾಗಿ ಬಿಡುತ್ತದೆ. ಬಾಯಾರಿದ ಸಸಿಯಲ್ಲಿ ಅಂಟಿಕೊಳ್ಳುತ್ತದೆ. ಮಳೆಗಾಲ ಒಳ್ಳೆಯದು ಅನ್ನುವುದು ಇದಕ್ಕೇ. ಸಸಿಗಳು ಸೂರಿನ ಕೆಳಗಿದ್ದು, ನೆರಳೂ ದಿನಾ ನೀರೂ ಇದ್ದರೆ ವರ್ಷದ ಹೆಚ್ಚಿನ ಕಾಲ ಕಸಿ ನಡೆಯುತ್ತದೆ. ಬಯಲಲ್ಲಿದ್ದರೆ ಮಾತ್ರ ಜೋರು ಮಳೆಯ ದಿನಗಳನ್ನು ಬಿಡಿ.

ನನ್ನ ಪ್ರಕಾರ ಹವಾಮಾನಕ್ಕಿಂತ ಜಾಸ್ತಿ ಗಮನ ಬೇಕಾದದ್ದು ತಾಯಿಮರದ ಮೇಲೆ. ಕೊಕ್ಕೊ ವರ್ಷವಿಡೀ ಒಂದೇ ಸಮ ಚಿಗುರುವುದಿಲ್ಲ, ಬಿಟ್ಟು ಬಿಟ್ಟು ಚಿಗುರುತ್ತದೆ. ಮೆತ್ತಗೆ ಜೋತುಬಿದ್ದ ಎಳೆ ಎಲೆ ಇರುವಾಗ ಕಡ್ಡಿ ಕೊಯ್ಯಬೇಡಿ. ಎಲೆ ಬಲಿತು, ಹಸಿರು ಕಡ್ಡಿ ಕಂದಾಗಲು ಶುರುವಾದಾಗ ಆರಿಸಿಕೊಳ್ಳಿ. ಕೊಯ್ಯುವುದಕ್ಕೆ ಸುಮಾರು 10 ದಿನ ಮೊದಲು ಎಲೆಗಳನ್ನು ಕತ್ತರಿಸಿ, ತೊಟ್ಟು ಮಾತ್ರ ಬಿಡಿ. ಮುಟ್ಟಿದರೆ ತೊಟ್ಟು ಉದುರಬೇಕು, ಪಕ್ಕದ ಕಣ್ಣು ಕೊಂಚ ಉಬ್ಬಿರಬೇಕು. ಅಂಥ ಕಡ್ಡಿ ಸಿಕ್ಕ ದಿನ ಸಸಿಯ ತೊಗಟೆಯೂ ಬಿಟ್ಟರೆ, ಅದೇ ನಿಮ್ಮ ಹಂಗಾಮು.

ಸುಮಾರು 3 ವಾರಕ್ಕೆ ಪಟ್ಟಿ ಬಿಚ್ಚಿ. ಕಣ್ಣಿನ ತೊಗಟೆ ಹಸಿರಾಗಿದ್ದರೆ ಹಿಡಿದಿದೆ ಅಂತ. ಆಮೇಲೆ ಅದರ ಮೇಲ್ಭಾಗದಲ್ಲಿ ಸಸಿಯ ಕಾಂಡವನ್ನು ಅರ್ಧ ಕೊಯ್ದು ಬಗ್ಗಿಸಿ, ಕಣ್ಣು ಚಿಗುರಿ ಎಲೆ ಬಲಿಯುವವರೆಗೆ ಪೂರ್ತಿ ಕತ್ತರಿಸಬೇಡಿ.