ಜಿಯೋಕ್ಯಾಶ್ ಡಬ್ಬಿ ನೋಡಿ ಯಾರೂ ಪೊಲೀಸರಿಗೆ ಫೋನ್ ಮಾಡಬಾರದು ಅಂದರೆ

ಒಬ್ಬರು ಬಚ್ಚಿಟ್ಟ ಡಬ್ಬಿಯನ್ನು ಇತರರು ಜಿಪಿಎಸ್ ಹಿಡಿದು ಹುಡುಕುವ ಆಟವೇ ಜಿಯೋಕ್ಯಾಶಿಂಗ್, ಆ ಡಬ್ಬಿಯೇ ಜಿಯೋಕ್ಯಾಶ್, ಚುಟುಕಾಗಿ ಕ್ಯಾಶ್. ಅದಕ್ಕೆಂದು ಎರಡು ಡಬ್ಬಿಗಳ ಫೋಟೊ ಹಾಕಿದ್ದೀರಿ. ಒಂದು ಸೇನೆಯ ಹಳೆಯ ಗುಂಡಿನ ಪೆಟ್ಟಿಗೆ, ಇನ್ನೊಂದು ಎರಡೂ ತುದಿಗೆ ಮುಚ್ಚಳ ಹಾಕಿ ಕಪ್ಪು ಟೇಪ್ ಸುತ್ತಿದ ಪಿವಿಸಿ ಪೈಪ್. ರೈಲು ನಿಲ್ದಾಣದ ಪಕ್ಕದ ಕಾಲುಸೇತುವೆ ಕೆಳಗೆ ಯಾವುದನ್ನಿಟ್ಟರೆ ಅನುಮಾನ ಬರುವುದಿಲ್ಲ ಅಂತ ಕೇಳಿದ್ದೀರಿ. ದಯವಿಟ್ಟು ಅಲ್ಲಿ ಎರಡನ್ನೂ ಇಡಬೇಡಿ. ಪೈಪ್ ಅಂತೂ ಎಲ್ಲಿಯೂ ಬೇಡ. ಮುಚ್ಚಳ ಬಿಗಿದ ಪೈಪ್ ಕಂಡರೆ ಬಾಂಬ್ ನಿಷ್ಕ್ರಿಯ ದಳದವರಿಗೆ ಮೊದಲು ಹೊಳೆಯುವುದು ಪೈಪ್ ಬಾಂಬ್.

ನಿಮಗೆ ಉತ್ತರಿಸಿದ ಒಬ್ಬರು, ‘ಜಿಯೋಕ್ಯಾಶ್, ಅಪಾಯವಿಲ್ಲ’ ಅಂತ ಸ್ಟಿಕರ್ ಅಂಟಿಸಿದರೆ ಸಾಕು ಅಂದಿದ್ದಾರೆ. ಸ್ಟಿಕರ್ ಬೇಕೇ ಬೇಕು. ಆದರೆ ಅದು ಕೆಲಸಕ್ಕೆ ಬರುವುದು ದಾರಿಹೋಕರು ಫೋನ್ ಮಾಡುವ ಮೊದಲು ಅದನ್ನು ಓದಿದರೆ ಮಾತ್ರ. ಫೋನ್ ಹೋದ ಮೇಲೆ ಆ ಬರಹಕ್ಕೆ ಬೆಲೆಯಿಲ್ಲ. ‘ಅಪಾಯವಿಲ್ಲ’ ಅಂತ ಯಾರು ಬೇಕಾದರೂ ಬರೆಯಬಹುದಲ್ಲ, ಅದನ್ನು ನಂಬಿ ಮುಚ್ಚಳ ತೆಗೆಯಲು ಯಾವ ದಳವೂ ಮುಂದಾಗುವುದಿಲ್ಲ. ಜನರನ್ನು ಹೊರಗೆ ಕಳಿಸುತ್ತಾರೆ, ರಸ್ತೆ ಮುಚ್ಚುತ್ತಾರೆ, ರೋಬೋಟ್ ಕಳಿಸುತ್ತಾರೆ, ಕೊನೆಗೆ ಭಾರೀ ವೇಗದ ನೀರಿನ ಧಾರೆ ಹೊಡೆದು ಡಬ್ಬಿಯನ್ನೇ ಛಿದ್ರ ಮಾಡುತ್ತಾರೆ. ಅವರದ್ದು ತಪ್ಪಲ್ಲ. ಹಾಗಾಗಿ ಸ್ಟಿಕರನ್ನು ಡಬ್ಬಿಯ ತಳಕ್ಕಲ್ಲ, ಎದುರಿಗೆ ಕಾಣುವ ಬದಿಗೆ, ಕೆಲವು ಹೆಜ್ಜೆ ದೂರದಿಂದಲೇ ಓದುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ಅದರ ಮೇಲೆ ಜಿಸಿ ಕೋಡ್ (ಜಿಯೋಕ್ಯಾಶಿಂಗ್ ತಾಣದಲ್ಲಿ ಆ ಕ್ಯಾಶ್‌ಗೆ ಸಿಗುವ ಗುರುತಿನ ಸಂಖ್ಯೆ) ಇರಲಿ, ಸಾಧ್ಯವಾದರೆ ನಿಮ್ಮ ಫೋನ್ ನಂಬರ್ ಕೂಡ. ಊರೊಳಗೆ ದೊಡ್ಡ ಡಬ್ಬಿ ಇಡುವುದಾದರೆ ಅದು ಪಾರದರ್ಶಕವಾಗಿರಲಿ. ಒಳಗಿನ ಲಾಗ್‌ಬುಕ್ಕು (ಹುಡುಕಿ ಬಂದವರು ಸಹಿ ಹಾಕುವ ಪುಸ್ತಕ), ಪೆನ್ಸಿಲ್ಲು ಹೊರಗಿನಿಂದಲೇ ಕಂಡರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಇಷ್ಟಾದರೂ ನನ್ನ ಪ್ರಕಾರ ಫೋನ್ ಹೋಗುವುದು ಹೆಚ್ಚಾಗಿ ಡಬ್ಬಿ ನೋಡಿ ಅಲ್ಲ, ಅದರ ಸುತ್ತ ಮನುಷ್ಯರು ಆಡುವ ರೀತಿ ನೋಡಿ. 2011ರ ಜುಲೈನಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಸಣ್ಣ ಪಟ್ಟಣದಲ್ಲಿ ಹೀಗೇ ಆಯಿತು. ಒಬ್ಬರು ಬೀದಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ಮುಚ್ಚಿಡುತ್ತಿದ್ದದ್ದು ನೋಡಿದವರಿಗೆ ಅನುಮಾನ ಬಂತು. ಪೇಟೆಯ ಜನರನ್ನು ತೆರವು ಮಾಡಿಸಿ, ಸೇನೆಯ ದಳ ಬಂದು ಡಬ್ಬಿಯನ್ನು ಸ್ಫೋಟಿಸಿತು. ಮಗಲ್‌ಗಳ, ಅಂದರೆ ಈ ಆಟ ಗೊತ್ತಿಲ್ಲದವರ, ಕಣ್ಣಿಗೆ ಬೀಳಬಾರದು ಅಂತ ನಾವೇ ಹೊಸಬರಿಗೆ ಹೇಳಿಕೊಡುತ್ತೇವೆ. ಜನ ಓಡಾಡುವ ಕಡೆ ಹಾಗೆ ಕದ್ದುಮುಚ್ಚಿ ಆಡುವುದೇ ಕಳ್ಳತನದಂತೆ ಕಾಣುತ್ತದೆ.

ಇದಕ್ಕೆ ಡಬ್ಬಿ ಇಡುವವರು ಮಾಡಬಹುದಾದ್ದು ಬಹಳ ಇದೆ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಿರುಗಿ ಬರುವುದರಿಂದ ಜಿಪಿಎಸ್ ತೋರಿಸುವ ಜಾಗ ಹತ್ತಾರು ಮೀಟರ್ ಆಚೀಚೆ ಆಗಬಹುದು. ಆಗ ಹುಡುಕುವವರು ಪ್ರತಿ ಬೆಂಚಿನ ಕೆಳಗೂ ಕೈ ಹಾಕುತ್ತಾ, ಕಂಬಗಳನ್ನು ತಡವುತ್ತಾ ಗಂಟೆಗಟ್ಟಲೆ ಸುತ್ತುತ್ತಾರೆ. ಬೇರೆ ಬೇರೆ ದಿನ ಹೋಗಿ ಕೋಆರ್ಡಿನೇಟ್ಸ್ ತೆಗೆದು ಸರಾಸರಿ ಮಾಡಿ ಹಾಕಿ. ಸುಳಿವನ್ನು ಒಗಟಿನಂತೆ ಬರೆಯದೆ, ಎಲ್ಲಿ ಕೈ ಹಾಕಬೇಕು ಅನ್ನೋದನ್ನು ನೇರವಾಗಿ ಹೇಳಿ. ಬಂದವರು ಡಬ್ಬಿ ತೆಗೆದು, ಸಹಿ ಹಾಕಿ, ಎರಡೇ ನಿಮಿಷದಲ್ಲಿ ಹೊರಡುವಂತಿರಬೇಕು. ಯಾರಾದರೂ ಏನು ಹುಡುಕುತ್ತಿದ್ದೀರಿ ಅಂತ ಕೇಳಿದರೆ ಸುಳ್ಳು ಹೇಳಬೇಡಿ ಅಂತ ತಾಣದಲ್ಲಿರುವ ನಿಮ್ಮ ಕ್ಯಾಶ್ ಪುಟದಲ್ಲೇ ಬರೆಯಿರಿ. ಆ್ಯಪ್ ತೆರೆದು ಆ ಪುಟ ತೋರಿಸಿದರೆ ಬಹುತೇಕರು ನಕ್ಕು ಮುಂದೆ ಹೋಗುತ್ತಾರೆ.

ವೈರು, ಬ್ಯಾಟರಿ, ಮಿನುಗುವ ದೀಪ ಇರುವ ಗ್ಯಾಜೆಟ್ ಕ್ಯಾಶ್ ಮಾಡುವ ಆಸೆಯೂ ಇದೆ ಅಂದಿರಿ. ಸಾರ್ವಜನಿಕ ಜಾಗದಲ್ಲಿ ಬೇಡ. 2007ರ ಜನವರಿ 31ರಂದು ಬಾಸ್ಟನ್‌ನಲ್ಲಿ ಟಿವಿ ಕಾರ್ಯಕ್ರಮವೊಂದರ ಜಾಹೀರಾತಿಗೆ ಅಲ್ಲಲ್ಲಿ ಸಿಕ್ಕಿಸಿದ್ದ ಎಲ್‌ಇಡಿ ಫಲಕಗಳನ್ನೇ ಬಾಂಬ್ ಅಂದುಕೊಂಡು ರಸ್ತೆ, ಸೇತುವೆ ಮುಚ್ಚಿದ್ದರು. ಕಂಪನಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು. ಅಂಥ ಕ್ಯಾಶ್ ನಿಮ್ಮದೇ ಅಂಗಳದಲ್ಲಿ, ಅಥವಾ ಒಪ್ಪಿಗೆ ಕೊಟ್ಟ ಗ್ರಂಥಾಲಯದ ಒಳಗೆ ಚೆನ್ನಾಗಿರುತ್ತದೆ.

ಜಾಗದ ಬಗ್ಗೆ: ರೈಲು ಹಳಿ, ವಿಮಾನ ನಿಲ್ದಾಣ, ಅಣೆಕಟ್ಟು, ದೊಡ್ಡ ಸೇತುವೆ, ಶಾಲೆ, ಸರ್ಕಾರಿ ಕಚೇರಿ, ಸೇನೆಯ ಜಾಗ, ಇವುಗಳ ಹತ್ತಿರ ಇಟ್ಟರೆ ರಿವ್ಯೂವರ್ (ಹೊಸ ಕ್ಯಾಶ್ ಪ್ರಕಟಿಸುವ ಮೊದಲು ಪರಿಶೀಲಿಸುವವರು) ತಿರಸ್ಕರಿಸುವ ಸಾಧ್ಯತೆಯೇ ಹೆಚ್ಚು. ಬೇರೆ ಕಡೆಯೂ ಜಾಗದ ಮಾಲೀಕರ ಅನುಮತಿಗೇ ನಿಲ್ಲಬೇಡಿ. ದಿನವಿಡೀ ಅಲ್ಲಿರುವವರು ಕಾವಲಿನವರು, ಕಸ ಗುಡಿಸುವವರು, ಮಾಲಿ, ಎದುರಂಗಡಿಯವರು. ಡಬ್ಬಿ ಮೊದಲು ಕಾಣುವುದು ಅವರಿಗೆ. ಅದನ್ನು ತೆರೆದು ತೋರಿಸಿ, ಫೋಟೊ ಇರುವ ಒಂದು ಹಾಳೆ ಕೊಟ್ಟು ಬನ್ನಿ. ಕಾವಲಿನವರು ಬದಲಾಗುತ್ತಿರುತ್ತಾರೆ, ಆಗಾಗ ಹೋಗಿ ಮತ್ತೆ ಹೇಳಬೇಕು. ದೊಡ್ಡ ಸಮಾರಂಭ, ಮ್ಯಾರಥಾನ್, ಗಣ್ಯರ ಭೇಟಿ ಇದ್ದಾಗ ಕ್ಯಾಶನ್ನು ತಾಣದಲ್ಲಿ ಡಿಸೇಬಲ್ (ತಾತ್ಕಾಲಿಕವಾಗಿ ಸ್ಥಗಿತ) ಮಾಡಿ ಡಬ್ಬಿ ಮನೆಗೆ ತನ್ನಿ.

ಗುಂಡಿನ ಪೆಟ್ಟಿಗೆ ನಿಜಕ್ಕೂ ಒಳ್ಳೆಯದು. ರಬ್ಬರ್ ಗ್ಯಾಸ್ಕೆಟ್ ಇರುವುದರಿಂದ ಮಳೆಗಾಲದಲ್ಲೂ ಲಾಗ್‌ಬುಕ್ ಒಣಗಿರುತ್ತದೆ. ಸೇನೆಯ ಅಕ್ಷರಗಳನ್ನು ಪೂರ್ತಿ ಉಜ್ಜಿ ತೆಗೆದು ಬಣ್ಣ ಬಳಿಯಿರಿ, ಅನುಮತಿ ಪಡೆದು ಕಾಡುದಾರಿಯಲ್ಲಿ ಇಡಿ. 2000ದ ಮೇ 3ರಂದು ಒರೆಗಾನ್‌ನಲ್ಲಿ ಈ ಆಟದ ಮೊದಲ ಬಕೆಟ್ ಇಟ್ಟದ್ದೂ ಊರಾಚೆಯೇ. ಪೇಟೆಗೆ ಕ್ಯಾಮೆರಾ ಫಿಲ್ಮಿನ ಪುಟ್ಟ ಡಬ್ಬಿ ಅಥವಾ ಬೈಸನ್ ಟ್ಯೂಬ್ (ತಿರುಗಿಸಿ ಮುಚ್ಚುವ ಪುಟ್ಟ ಲೋಹದ ಕೊಳವೆ) ಸಾಕು.

ಇಷ್ಟೆಲ್ಲ ಮಾಡಿಯೂ ಒಂದು ದಿನ ನಿಮ್ಮ ಡಬ್ಬಿಯ ಸುತ್ತ ಪೊಲೀಸರು ಹಗ್ಗ ಕಟ್ಟಿದ್ದಾರೆ ಅಂತ ಗೊತ್ತಾದರೆ, ಓಡಿಹೋಗಿ ‘ನನ್ನದು, ನಾನೇ ತೆರೀತೀನಿ’ ಅಂತ ಹಗ್ಗ ದಾಟಬೇಡಿ. ತಕ್ಷಣ ತುರ್ತು ಸಂಖ್ಯೆಗೆ ಫೋನ್ ಮಾಡಿ ಹೆಸರು, ಜಿಸಿ ಕೋಡ್, ಡಬ್ಬಿಯ ಬಣ್ಣ, ಅಳತೆ, ಒಳಗೇನಿದೆ ಅಂತ ಹೇಳಿ. ಡಬ್ಬಿಯ ಒಳಗಿನ, ಹೊರಗಿನ ಮತ್ತು ಇಟ್ಟ ಜಾಗದ ಫೋಟೊಗಳು ಫೋನಿನಲ್ಲಿ ಸದಾ ಇರಲಿ, ಅವರು ಕೇಳುವುದು ಅದನ್ನೇ. ಆಮೇಲೆ ಕ್ಯಾಶ್ ಡಿಸೇಬಲ್ ಮಾಡಿ ರಿವ್ಯೂವರ್‌ಗೆ ಬರೆಯಿರಿ. ಅದೇ ಜಾಗಕ್ಕೆ ಮತ್ತೆ ಡಬ್ಬಿ ಹಾಕಬೇಡಿ.