ದಿನಾ ವಾಕಿಂಗ್ ಮಾಡ್ತೀನಿ, ತೂಕ ಮಾತ್ರ ಇಳೀತಿಲ್ಲ. ವಾಕಿಂಗ್ ನಿಜವಾಗ್ಲೂ ಎಕ್ಸರ್‌ಸೈಜಾ?

ವಯಸ್ಸು 38, ತೂಕ 82 ಕೆಜಿ, ದಿನಾ ಬೆಳಗ್ಗೆ 40 ನಿಮಿಷ ವಾಕಿಂಗ್, ಮೂರು ತಿಂಗಳಾದ್ರೂ ಮುಳ್ಳು ಅಲ್ಲಾಡ್ತಿಲ್ಲ, ಜಿಮ್ಮಿಗೆ ಹೋಗೋ ಫ್ರೆಂಡು ಬೇರೆ "ಅದೆಲ್ಲ ರಿಟೈರ್ ಆದೋರು ಮಾಡೋದು ಕಣೋ" ಅಂತ ನಗ್ತಾನೆ ಅಂತ ಬರ್ದಿದೀರ. ಇದ್ರಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಸೇರ್ಕೊಂಡಿದೆ ಸರ್. ವಾಕಿಂಗ್ ಎಕ್ಸರ್‌ಸೈಜಾ ಅಂದ್ರೆ ಹೌದು, ಉಸಿರು ಏರೋ ಹಾಗೆ ನಡೆದ್ರೆ. ವಾಕಿಂಗಿಂದ ತೂಕ ಇಳಿಯುತ್ತಾ ಅಂದ್ರೆ ಸ್ವಲ್ಪ, ಅದೂ ನಿಮ್ಮ ತಟ್ಟೆ ಸಹಕರಿಸಿದ್ರೆ. ನಾನು ಡಾಕ್ಟ್ರಲ್ಲ, ಮೈಸೂರಲ್ಲಿ ಸುಮಾರು ವರ್ಷದಿಂದ ನಡೀತಿರೋನು, ಈ ವಿಷಯ ಓದೋ ಹುಚ್ಚೂ ಇದೆ, ಅಷ್ಟೇ.

ಮೊದ್ಲು ನಿಮ್ಮ ಫ್ರೆಂಡಿಗೆ ಉತ್ತರ. 1953ರಲ್ಲಿ ಲಂಡನ್ನಲ್ಲಿ ಜೆರಿ ಮಾರಿಸ್ ಅನ್ನೋ ಡಾಕ್ಟ್ರು ಅಲ್ಲಿನ ಬಸ್ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ ನೋಡಿದ್ರು. ಡಬಲ್ ಡೆಕ್ಕರ್ ಬಸ್ಸು, ಡ್ರೈವರ್ ಇಡೀ ದಿನ ಸೀಟಲ್ಲಿ, ಕಂಡಕ್ಟರ್ ಟಿಕೆಟ್ ಕೊಡ್ತಾ ಮೇಲೆ ಕೆಳಗೆ ಹತ್ತಿ ಇಳೀತಾನೇ ಇರ್ತಾನೆ. ಹೃದಯದ ಕಾಯಿಲೆ ಡ್ರೈವರ್‌ಗಳಿಗೆ ಎದ್ದು ಕಾಣೋಷ್ಟು ಜಾಸ್ತಿ ಇತ್ತು. ಡ್ರೈವರ್‌ಗಳಿಗೆ ಹೊಲಿಸ್ತಿದ್ದ ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೇನೇ ದೊಡ್ಡದಿತ್ತು ಅಂತ ಆಮೇಲೆ ಅವರೇ ಲೆಕ್ಕ ಹಾಕಿ ತೋರಿಸಿದ್ರು, ಹಾಗಾಗಿ ಪೂರ್ತಿ ಕ್ರೆಡಿಟ್ ಮೆಟ್ಟಿಲಿಗೇ ಕೊಡೋಕಾಗಲ್ಲ, ಆದ್ರೂ ಓಡಾಟಕ್ಕೂ ಹೃದಯಕ್ಕೂ ಇರೋ ಸಂಬಂಧವನ್ನ ಲೆಕ್ಕ ಸಮೇತ ಜಗತ್ತು ಗಂಭೀರವಾಗಿ ನೋಡೋಕೆ ಶುರು ಮಾಡಿದ್ದು ಅಲ್ಲಿಂದ. ಆ ಕಂಡಕ್ಟರ್‌ಗಳು ಡ್ಯೂಟಿ ಟೈಮಲ್ಲಿ ಡಂಬೆಲ್ ಎತ್ತಿರ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟಿರೋ ಸಲಹೆಯಲ್ಲೂ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಶ್ರಮ ಅಂತಿದೆ, ಚುರುಕಾದ ನಡಿಗೆ ಅದ್ರಲ್ಲೇ ಬರುತ್ತೆ. ನೀವು ದಿನಾ 40 ನಿಮಿಷ ಅಂದ್ರೆ ವಾರಕ್ಕೆ 280 ಆಯ್ತು. ಟೈಮಿನ ಲೆಕ್ಕದಲ್ಲಿ ನೀವು ಪಾಸು.

ಈಗ ವೇಗದ ವಿಷಯ, ಎಡವೋದು ಇಲ್ಲೇ. ನಮ್ಮ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ಆರು ಗಂಟೆಗೆ ಬಂದು ನೋಡಿ. ಮಂಕಿ ಕ್ಯಾಪು, ಸ್ವೆಟರ್ರು, ನಾಲ್ಕು ಜನ ಸಾಲಾಗಿ ಇಡೀ ದಾರಿ ಹಿಡ್ಕೊಂಡು ಸೈಟು, ಸೊಸೆ, ಸರ್ಕಾರ ಮೂರೂ ಚರ್ಚೆ ಮಾಡ್ತಾ ಹೋಗ್ತಿರ್ತಾರೆ, ಮಧ್ಯದಲ್ಲಿ ಮಾತು ಜೋರಾದ್ರೆ ನಿಂತ್ಕೊಂಡೇ ಮಾತಾಡ್ತಾರೆ, ಹಿಂದೆ ಬರೋರು ಕೆಮ್ಮಿದ್ರೂ ದಾರಿ ಬಿಡಲ್ಲ. ಮನಸ್ಸಿಗೆ ಒಳ್ಳೇದು ಬಿಡಿ, ನಾನೇನೂ ಬೇಡ ಅನ್ನಲ್ಲ, ಎಪ್ಪತ್ತು ದಾಟಿದೋರಿಗೆ ಅದೂ ವ್ಯಾಯಾಮಾನೇ. ಆದ್ರೆ 38ರ ವಯಸ್ಸಿನೋರು ಅದೇ ಸ್ಪೀಡಲ್ಲಿ ಹೋದ್ರೆ ಎದೆಗೂ ಶ್ವಾಸಕೋಶಕ್ಕೂ ಕೆಲ್ಸಾನೇ ಇರಲ್ಲ. ಪರೀಕ್ಷೆ ತುಂಬ ಸುಲಭ: ನಡೀತಾ ಮಾತಾಡೋಕೆ ಆಗ್ಬೇಕು, ಹಾಡು ಹೇಳೋಕೆ ಆಗ್ಬಾರ್ದು. ಇಲ್ಲಾಂದ್ರೆ ವಾಚ್ ನೋಡಿ ಒಂದು ನಿಮಿಷ ಹೆಜ್ಜೆ ಎಣಿಸಿ, 100 ದಾಟ್ಬೇಕು, ನಿಮ್ಮ ವಯಸ್ಸಿಗೆ 110, 120 ಬಂದ್ರೆ ಇನ್ನೂ ಒಳ್ಳೇದು. ಫೋನಲ್ಲಿ ಮಾತಾಡ್ತಾ ನಡೆಯೋರು ಎಣಿಸಿ ನೋಡಿ, ಬಹಳಷ್ಟು ಜನಕ್ಕೆ 100 ಮುಟ್ಟಲ್ಲ.

10 ಸಾವಿರ ಹೆಜ್ಜೆ ಆಗ್ಲೇಬೇಕಾ ಅಂತಾನೂ ಕೇಳಿದೀರ. ಬೇಕಿಲ್ಲ. ಆ ನಂಬರ್ ಬಂದಿದ್ದು 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸೋ ಮೆಷಿನ್ನಿನ ಹೆಸರಿಂದ, ಟೋಕಿಯೊ ಒಲಿಂಪಿಕ್ಸ್ ಮುಗಿದ ಹುರುಪಲ್ಲಿ ಒಳ್ಳೆ ವ್ಯಾಪಾರ ಆಯ್ತು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 2,700 ಹೆಜ್ಜೆ ಹಾಕೋರಿಗಿಂತ 4,400 ಹಾಕೋರಲ್ಲೇ ಸಾವಿನ ಪ್ರಮಾಣ ಸಾಕಷ್ಟು ಕಮ್ಮಿ ಇತ್ತು, 7,500ರ ಆಸುಪಾಸಲ್ಲಿ ಲಾಭ ನಿಂತೋಯ್ತು. ರಾತ್ರಿ ಹತ್ತೂವರೆಗೆ ವಾಚಿನ ಗುರಿ ಮುಟ್ಟಿಸ್ಬೇಕು ಅಂತ ಹಾಲಲ್ಲಿ ಸೋಫಾ ಸುತ್ತೋದು ಬಿಟ್ಟು ಮಲ್ಕೊಳ್ಳಿ.

ತೂಕಕ್ಕೆ ಬರೋಣ. 82 ಕೆಜಿ ಇರೋರು ಚುರುಕಾಗಿ, ಗಂಟೆಗೆ ಐದು ಐದೂವರೆ ಕಿಲೋಮೀಟರ್ ಸ್ಪೀಡಲ್ಲಿ 40 ನಿಮಿಷ ನಡೆದ್ರೆ, ಸುಮ್ನೆ ಕೂತಿದ್ರೂ ಖರ್ಚಾಗ್ತಿದ್ದ ಶಕ್ತೀನ ಕಳೆದ್ಮೇಲೆ, ಹೆಚ್ಚುವರಿಯಾಗಿ ಕರಗೋದು ಅಂದಾಜು 140 ಕ್ಯಾಲೊರಿ. ಮಾತಾಡ್ಕೊಂಡು ಮೆಲ್ಲಗೆ ಹೋದ್ರೆ ಅದರ ಅರ್ಧ. ವಾಚುಗಳು 250, 300 ಅಂತ ತೋರಿಸ್ತಾವಲ್ಲ, ಅವನ್ನ ನಂಬ್ಕೊಂಡು ತಿಂಡಿ ತಿನ್ಬೇಡಿ. ಒಂದು ಹಿಡಿ ಮಿಕ್ಸ್ಚರ್, 30 ಗ್ರಾಂ ಅಂದ್ಕೊಳ್ಳಿ, 150 ಕ್ಯಾಲೊರಿ ಆಯ್ತು. ಸಂಜೆ ಕಾಫಿ ಜೊತೆ ಟಿವಿ ನೋಡ್ತಾ ಡಬ್ಬಿಗೆ ಕೈ ಹಾಕಿದ್ರೆ ಬೆಳಗಿನ ವಾಕಿಂಗು ಅಲ್ಲಿಗೇ ಜಮಾ ಖರ್ಚು ಸರಿಹೋಯ್ತು. ಕೆರೆ ಸುತ್ತಿ ಮುಗಿಸಿ "ಇವತ್ತು ನಡೆದಿದೀವಲ್ಲ" ಅಂತ ಹೋಟ್ಲಿಗೆ ನುಗ್ಗಿ ಬೆಣ್ಣೆ ಹಾಕಿದ ಮಸಾಲೆ ದೋಸೆ ತಿನ್ನೋರನ್ನ ನಾನು ವಾರ ವಾರ ನೋಡ್ತೀನಿ, ಎಷ್ಟೋ ಸಲ ಅದೇ ಟೇಬಲ್ಲಲ್ಲೇ ಕೂತು ನೋಡಿದೀನಿ.

ಇನ್ನೊಂದು ಲೆಕ್ಕ ಹೇಳ್ತೀನಿ, ಇದು ನನಗೆ ಬಹಳ ತಟ್ಟಿದ್ದು. ದಿನಕ್ಕೆ 140 ಅಂದ್ರೆ ತಿಂಗಳಿಗೆ 4,200. ಒಂದು ಕೆಜಿ ಕೊಬ್ಬು ಕರಗೋಕೆ ಸುಮಾರು 7,700 ಬೇಕು, ಹಾಗಾಗಿ ಊಟ ಒಂಚೂರೂ ಏರದೇ ಇದ್ರೆ ತಿಂಗಳಿಗೆ ಅರ್ಧ ಕೆಜಿ. ಒಂದು ಲೀಟರ್ ಅಡುಗೆ ಎಣ್ಣೆ ಪ್ಯಾಕೆಟ್ಟಲ್ಲಿ 8,000ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಅಂದ್ರೆ ಒಂದಿಡೀ ತಿಂಗಳ ನಿಮ್ಮ ವಾಕಿಂಗ್ ಅರ್ಧ ಪ್ಯಾಕೆಟ್ ಎಣ್ಣೆಗೆ ಸಮ. ನಿಮ್ಮನೇಲಿ ತಿಂಗಳಿಗೆ ಎಷ್ಟು ಪ್ಯಾಕೆಟ್ ಬರುತ್ತೆ, ಎಷ್ಟು ಜನ ತಿಂತೀರ ನೋಡಿ. ಒಗ್ಗರಣೆಗೆ ಸೌಟಿಂದ ಸುರಿಯೋ ಬದ್ಲು ಚಮಚದಲ್ಲಿ ಅಳತೆ ಮಾಡಿ ಹಾಕೋಕೆ ಶುರು ಮಾಡಿದ್ರೆ, ಅದೂ ಅಡುಗೆ ಮಾಡೋರಿಗೆ ಉಪದೇಶ ಮಾಡ್ದೆ ನೀವೇ ಒಲೆ ಮುಂದೆ ನಿಂತು, ವಾಕಿಂಗಿಗಿಂತ ಬೇಗ ಫಲ ಕಾಣುತ್ತೆ. ರಾತ್ರಿ ಅನ್ನದ ಎರಡನೇ ಬಡಿಸಾಟ ಬಿಟ್ಟು ಆ ಜಾಗಕ್ಕೆ ಪಲ್ಯ, ಹುಳಿ ಒಳಗಿರೋ ಬೇಳೆ ತರಕಾರಿ, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ, ಇಷ್ಟು ಸಾಕು, ಯಾವ ಡಯಟ್ ಪ್ಲಾನಿಗೂ ದುಡ್ಡು ಕೊಡ್ಬೇಡಿ.

ಹಾಗಂತ ತೂಕ ಇಳಿಯದಿದ್ರೆ ವಾಕಿಂಗ್ ದಂಡ ಅಂತಲ್ಲ. ಸೊಂಟ ಅಳೀರಿ, ಹೊಕ್ಕಳ ಮಟ್ಟದಲ್ಲಿ ಟೇಪ್ ಹಿಡಿದು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಎಚ್ಚರ ಅಂತ ಲೆಕ್ಕ. ತೂಕದ ಮುಳ್ಳು ನಿಂತಲ್ಲೇ ನಿಂತಿದ್ರೂ ಬೆಲ್ಟಿನ ತೂತು ಒಳಗೆ ಹೋಗೋದು ಎಷ್ಟೋ ಜನಕ್ಕೆ ಆಗುತ್ತೆ. ನಿಮ್ಮ ತಂದೆಗೆ ಶುಗರ್ ಇದೆ ಅಂದಿದೀರ, ಹಾಗಾದ್ರೆ ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷದ ನಡಿಗೇನೂ ಸೇರಿಸ್ಕೊಳ್ಳಿ, ಅವರನ್ನೂ ಕರ್ಕೊಂಡು ಹೋಗಿ. ಕಾಲಿನ ಸ್ನಾಯು ಕೆಲ್ಸ ಮಾಡ್ತಿದ್ರೆ ರಕ್ತದಲ್ಲಿರೋ ಸಕ್ಕರೇನ ಎಳ್ಕೊಳ್ಳುತ್ತೆ, ಊಟದ ನಂತರ ಏರೋ ಶುಗರ್ ಅಷ್ಟು ಎತ್ತರಕ್ಕೆ ಹೋಗಲ್ಲ. ಊಟ ಆದ್ಮೇಲೆ ನೂರು ಹೆಜ್ಜೆ ಹಾಕ್ಬೇಕು ಅಂತ ಹಿರಿಯರು ಹೇಳ್ತಿದ್ರಲ್ಲ, ನೂರು ಕಮ್ಮಿಯಾಯ್ತು, ಸಾವಿರ ಹಾಕಿ. ಅವರು ಇನ್ಸುಲಿನ್ ತಗೊಳ್ಳೋರಾದ್ರೆ ಮಾತ್ರ ಡಾಕ್ಟ್ರನ್ನ ಕೇಳಿ ಟೈಮ್ ಹೊಂದಿಸ್ಕೊಳ್ಳಿ, ಶುಗರ್ ಲೋ ಆದ್ರೆ ಕಷ್ಟ.

ವಾಕಿಂಗ್ ಕೊಡದೇ ಇರೋದು ಒಂದಿದೆ, ಅಲ್ಲಿ ನಿಮ್ಮ ಫ್ರೆಂಡ್ ಸರಿ. ಶಕ್ತಿ. ಸಮತಟ್ಟು ರಸ್ತೇಲಿ ಎಷ್ಟು ನಡೆದ್ರೂ ತೊಡೆ, ಬೆನ್ನು, ತೋಳು ಗಟ್ಟಿಯಾಗಲ್ಲ, ವಯಸ್ಸಾಗ್ತಾ ಸ್ನಾಯು ಕರಗ್ತಾನೇ ಹೋಗುತ್ತೆ, ಊಟ ಕಮ್ಮಿ ಮಾಡಿ ಬರೀ ನಡೆದ್ರಂತೂ ಕೊಬ್ಬಿನ ಜೊತೆ ಸ್ನಾಯೂನೂ ಹೋಗುತ್ತೆ. ಅದಕ್ಕೇ ಅದೇ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಎರಡು ದಿನವಾದ್ರೂ ಸ್ನಾಯು ಬಲಪಡಿಸೋ ಕೆಲ್ಸ ಮಾಡಿ ಅನ್ನೋದು. ಜಿಮ್ಮೇ ಆಗ್ಬೇಕಿಲ್ಲ. ಗರಡಿ ಮನೇಲಿ ಬಸ್ಕಿ, ದಂಡ ಹೊಡೆದೇ ಪೈಲ್ವಾನರಾದವರ ಊರು ನಮ್ದು. ನೀವು ಕುರ್ಚಿ ಮುಂದೆ ನಿಂತು ಕೂತೆದ್ದು ಕೂತೆದ್ದು ಮಾಡಿ, ಗೋಡೆಗೆ ಕೈ ಕೊಟ್ಟು ದಂಡ ಹೊಡೀರಿ, ಅಭ್ಯಾಸ ಆದ್ಮೇಲೆ ನೆಲಕ್ಕೆ ಇಳೀರಿ.

ಇಲ್ಲಾಂದ್ರೆ ಏರು ಹುಡುಕಿ. ನಮಗೆ ಚಾಮುಂಡಿ ಬೆಟ್ಟ ಇದೆ, ಪಾದದಿಂದ ಸಾವಿರ ಮೆಟ್ಟಿಲು. ಬೆಂಗ್ಳೂರಿಂದ ಬರೋ ದಿನಾ ಕೆರೆ ಸುತ್ತೋ ನೆಂಟರನ್ನ ಕರ್ಕೊಂಡು ಹೋದ್ರೆ ಮೊದಲ ಇನ್ನೂರು ಮುನ್ನೂರು ಮೆಟ್ಟಿಲಲ್ಲೇ ಮಾತು ನಿಂತು ಹೋಗುತ್ತೆ, ನಂದಿ ಹತ್ರ ಹೋಗೋ ಹೊತ್ತಿಗೆ ಫೋಟೋ ತೆಗೆಯೋ ನೆಪದಲ್ಲಿ ಎಲ್ಲಾರೂ ಕಟ್ಟೆ ಮೇಲೆ. ಅಲ್ಲೇ ಪಕ್ಕದಲ್ಲಿ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚಿ, ಎದ್ದು, ಮುಂದಿನ ಮೆಟ್ಟಿಲಿಗೆ ಮತ್ತೆ ಬಗ್ಗಿ, ಹೀಗೇ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಹತ್ತಿ ಹೋಗ್ತಿರ್ತಾರೆ. ಸಾವಿರ ಮೆಟ್ಟಿಲು, ಸಾವಿರ ಸಲ ಬಗ್ಗಿ ಏಳೋದು, ಬರಿಗಾಲಲ್ಲಿ. ಅವರ ಮುಂದೆ ನಿಮ್ಮ ಜಿಮ್ ಫ್ರೆಂಡನ್ನ ಒಂದ್ಸಲ ನಿಲ್ಲಿಸ್ಬೇಕು ಅಂತ ನನಗೆ ಆಸೆ. ಬೆಟ್ಟ ಇಲ್ದಿರೋ ಊರಲ್ಲಿ ಫ್ಲೈಓವರ್ ಪಕ್ಕದ ಸ್ಕೈವಾಕು, ಆಫೀಸ್ ಮೆಟ್ಟಿಲು ಯಾವುದಾದ್ರೂ ನಡೆಯುತ್ತೆ. ಹತ್ತುವಾಗ ದಮ್ಮು, ಇಳಿಯುವಾಗ ಮೊಣಕಾಲು, ಹಾಗಾಗಿ ಇಳಿಯುವಾಗ ಅವಸರ ಮಾಡ್ಬೇಡಿ, ಮಂಡಿ ನೋವಿರೋರು ಹತ್ತಿ ಬಸ್ಸಲ್ಲಿ ಇಳೀಲಿ.

ನಿಮ್ಮ ಜಾಗದಲ್ಲಿ ನಾನಿದ್ರೆ 40 ನಿಮಿಷ ಹಾಗೇ ಇಟ್ಕೊಂಡು, ಮಧ್ಯೆ ಮಧ್ಯೆ ಎರಡೆರಡು ನಿಮಿಷ ಬಸ್ ತಪ್ಪಿಹೋಗುತ್ತೆ ಅನ್ನೋ ಸ್ಪೀಡಲ್ಲಿ ನಡೆದು, ಆಮೇಲೆ ಮೆಲ್ಲಗೆ ಬಂದು, ಮತ್ತೆ ಜೋರು, ಹೀಗೆ ಮಾಡ್ತೀನಿ. ವಾರಕ್ಕೆ ಎರಡು ದಿನ ಬಸ್ಕಿ ದಂಡ. ಎಣ್ಣೆ ಚಮಚದಲ್ಲಿ. ತೂಕ ವಾರಕ್ಕೊಂದು ಸಲ, ಬೆಳಗ್ಗೆ ಖಾಲಿ ಹೊಟ್ಟೇಲಿ, ದಿನಾ ಹತ್ತಿ ನೋಡಿದ್ರೆ ನೀರಿನ ಏರಿಳಿತ ನೋಡಿ ಸುಮ್ನೆ ತಲೆ ಕೆಡುತ್ತೆ. ನಡೆಯುವಾಗ ಎದೆ ಹಿಡಿದಂಗಾದ್ರೆ, ಎಡಗೈಗೋ ದವಡೆಗೋ ನೋವು ಬಂದ್ರೆ, ತಲೆ ಸುತ್ತಿದ್ರೆ, ಗ್ಯಾಸ್ ಅಂತ ಸೋಡಾ ಕುಡಿಯೋದು ಬಿಟ್ಟು ಸೀದಾ ಆಸ್ಪತ್ರೆಗೆ. ಮತ್ತೆ ಬೆಳಗ್ಗೆ ಐದಕ್ಕೆ ಹೋಗ್ತೀನಿ ಅಂದಿದೀರ, ಕತ್ತಲಲ್ಲಿ ಫುಟ್‌ಪಾತ್ ಕಲ್ಲು ಎದ್ದಿರುತ್ತೆ, ನಾಯಿಗಳ ಕಾಟ ಬೇರೆ, ಅರ್ಧ ಗಂಟೆ ತಡವಾಗಿ ಹೊರಡಿ.