ಪ್ರೈಮರಿ ಟೀಚರ್ ಕೆಲಸಕ್ಕೆ ಮುಂಬೈನಲ್ಲಿ ಮೊದಲ ಇಂಟರ್‌ವ್ಯೂ. ಹೇಗೆ ತಯಾರಾಗಲಿ?

ನೀವು ಧಾರವಾಡದಲ್ಲಿ ಡಿ.ಎಲ್.ಇಡಿ. (ಪ್ರೈಮರಿ ಟೀಚರ್ ಆಗಲು ಮಾಡುವ ಡಿಪ್ಲೊಮಾ) ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದಿದ್ದೀರಿ. ಮುಲುಂಡಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಎರಡನೇ ಕ್ಲಾಸಿಗೆ ಟೀಚರ್ ಬೇಕೆಂದು ಕರೆದಿದೆ. ಯಾವ ಪ್ರಶ್ನೆಗಳ ಉತ್ತರ ಬಾಯಿಪಾಠ ಮಾಡಲಿ, ಇಂಗ್ಲಿಷ್ ಅಷ್ಟಕ್ಕಷ್ಟೇ, ಮರಾಠಿ ಬರೋದೇ ಇಲ್ಲ ಎಂದು ಕೇಳಿದ್ದೀರಿ. ನಾನು ಇಲ್ಲೇ ಮುಂಬೈನಲ್ಲಿ ಪ್ರೈಮರಿ ಟೀಚರ್. ಈಗೀಗ ಇಂಟರ್‌ವ್ಯೂ ತೆಗೆದುಕೊಳ್ಳುವವರ ಸಾಲಿನಲ್ಲೂ ಕೂರಿಸುತ್ತಾರೆ.

ಬಾಯಿಪಾಠ ಬಿಟ್ಟುಬಿಡಿ. ಡೆಮೊ ಪಾಠದ ಮೇಲೆ ಗಮನ ಇಡಿ. ಹದಿನೈದು–ಇಪ್ಪತ್ತು ನಿಮಿಷದ ಪಾಠ ಮಾಡಿಸುತ್ತಾರೆ. ಹೆಚ್ಚು ಕಡಿಮೆ ಅಲ್ಲೇ ತೀರ್ಮಾನ ಆಗಿಹೋಗುತ್ತದೆ. ಮಿಕ್ಕ ಮಾತುಕತೆ ಅದರ ಮೇಲೊಂದು ಠಸ್ಸೆ, ಅಷ್ಟೇ.

ವಿಷಯ ನೀವೇ ಆರಿಸಿಕೊಳ್ಳಿ ಎಂದರೆ ದಶಕ ಎರವಲು ಪಡೆಯುವ ಕಳೆಯುವ ಲೆಕ್ಕ ತೆಗೆದುಕೊಳ್ಳಿ. ಬೋರ್ಡಿನ ಮೇಲೆ 42 ಬರೆದು, ಕೆಳಗೆ 17 ಬರೆದು, ಕಳೆಯಿರಿ ಅನ್ನಿ. ಯಾವುದಾದರೂ ಮಗು 35 ಎಂದು ಬರೆಯುವ ಸಾಧ್ಯತೆ ಜಾಸ್ತಿ. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದು 5 ಬರೆದಿರುತ್ತದೆ. ನಾಲ್ಕರಲ್ಲಿ ಒಂದು ಹೋದರೆ 3. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ನಾವೇ ಹೇಳಿಕೊಟ್ಟಿರುತ್ತೇವಲ್ವಾ! ಇಲ್ಲಿ ಸುಮಾರು ಜನ ‘ತಪ್ಪು’ ಎಂದು ಪಕ್ಕದ ಮಗುವನ್ನು ಕೇಳುತ್ತಾರೆ. ನಾವು ಪೆನ್ನು ಎತ್ತಿಕೊಳ್ಳುವುದೂ ಆಗಲೇ. ನೀವು ‘ಹೇಗೆ ಬಂತು, ಹೇಳು ನೋಡೋಣ’ ಅನ್ನಿ. ಅದು ಹೇಳುವುದನ್ನು ಪೂರ್ತಿ ಕೇಳಿ.

ಆಮೇಲೆ ಐಸ್‌ಕ್ರೀಮ್ ಕಡ್ಡಿ ತೆಗೆಯಿರಿ. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಕಟ್ಟು, ಬಿಡಿ ಕಡ್ಡಿ ಎರಡು. ‘ನನಗೆ ಹದಿನೇಳು ಕೊಡು’ ಅನ್ನಿ. ಮಗು ಒಂದು ಕಟ್ಟು ಕೊಡುತ್ತದೆ, ಎರಡು ಬಿಡಿ ಕಡ್ಡಿ ಕೊಡುತ್ತದೆ, ಆಮೇಲೆ ನಿಂತುಬಿಡುತ್ತದೆ. ನಿಮ್ಮ ಮುಖ ನೋಡುತ್ತದೆ. ಆಗ ಸುಮ್ನೆ ಇರಿ. ಬಾಯಿ ತುರಿಸುತ್ತದೆ, ಆದರೂ ಸುಮ್ನೆ ಇರಿ. ಸ್ವಲ್ಪ ಹೊತ್ತಿಗೆ ಅದೇ ಇನ್ನೊಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆ. ಬಿಚ್ಚದಿದ್ದರೆ ‘ಇನ್ನೂ ಐದು ಎಲ್ಲಿಂದ ತರೋಣ?’ ಎಂದು ಕೇಳಿದರೆ ಸಾಕು. ಕೊನೆಗೆ ಉಳಿದಿದ್ದನ್ನು ಎಣಿಸಿದಾಗ 25. ಬೋರ್ಡಿನ 35 ಅನ್ನು ಅದೇ ಹೋಗಿ ಅಳಿಸಲಿ.

ಕೆಲವು ಕಡೆ ಮಕ್ಕಳೇ ಇರುವುದಿಲ್ಲ, ಟೀಚರುಗಳೇ ಮಕ್ಕಳಂತೆ ಕೂರುತ್ತಾರೆ. ಅವರಲ್ಲಿ ಒಬ್ಬರು ಬೇಕಂತಲೇ ತಂಟೆ ಮಾಡುತ್ತಾರೆ, ಇನ್ನೊಬ್ಬರು ‘ಟೀಚರ್, ಟಾಯ್ಲೆಟ್’ ಅನ್ನುತ್ತಾರೆ. ನಗು ಬಂದರೆ ನಕ್ಕುಬಿಡಿ. ಆದರೆ ಪಾಠ ನಿಲ್ಲಿಸಬೇಡಿ.

ಇನ್ನು ಪ್ರಶ್ನೆಗಳು. ‘ಟೀಚರ್ ಯಾಕೆ ಆಗಬೇಕು?’ ಎಂಬುದಕ್ಕೆ ‘ನನಗೆ ಮಕ್ಕಳೆಂದರೆ ಪ್ರಾಣ’ ಎಂಬ ಉತ್ತರ ಕೇಳಿ ಕೇಳಿ ಸಾಕಾಗಿದೆ. ಇಂಟರ್ನ್‌ಶಿಪ್‌ನಲ್ಲಿ ನಿಮಗೆ ಸಿಕ್ಕ ಒಂದು ಮಗುವಿನ ಬಗ್ಗೆ ಹೇಳಿ. ಏನು ಬರುತ್ತಿರಲಿಲ್ಲ, ನೀವೇನು ಮಾಡಿದಿರಿ, ಎಷ್ಟು ಬಂತು. ಪೂರ್ತಿ ಬರಲಿಲ್ಲ ಅಂದರೂ ಪರವಾಗಿಲ್ಲ.

ಹೋಂವರ್ಕ್ ಮಾಡದ, ಪಕ್ಕದವರಿಗೆ ಹೊಡೆಯುವ ಮಗುವನ್ನು ಏನು ಮಾಡ್ತೀರಿ ಎಂದು ಕೇಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯುವುದಷ್ಟೇ ಅಲ್ಲ, ಮಾನಸಿಕ ಹಿಂಸೆಯೂ ನಿಷಿದ್ಧ. ಹಾಗಾಗಿ ‘ಕ್ಲಾಸಿನ ಹೊರಗೆ ನಿಲ್ಲಿಸ್ತೀನಿ’ ಎಂದು ಬಾಯಿತಪ್ಪಿಯೂ ಹೇಳಬೇಡಿ.

ನಿಮ್ಮ ಡಿಪ್ಲೊಮಾವನ್ನು ಕಡಿಮೆ ಅಂದುಕೊಳ್ಳಬೇಡಿ. ಬರೀ ಬಿ.ಇಡಿ. ಇದ್ದರೆ 1ರಿಂದ 5ನೇ ಕ್ಲಾಸಿಗೆ ಅರ್ಹತೆ ಸಾಲದು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸಿಟಿಇಟಿ, ಅಂದರೆ ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆ, ಬರೆದಿಲ್ಲವಾದರೆ ಮೊದಲ ಪೇಪರ್‌ಗೆ ಅರ್ಜಿ ಹಾಕಿಬಿಡಿ. 150 ಅಂಕಕ್ಕೆ ಇರುತ್ತದೆ, ಪಾಸಾಗಲು ಶೇ. 60 ಬೇಕು.

ಭಾಷೆಯ ಭಯ ನಮ್ಮವರಿಗೆಲ್ಲ ಇರುವುದೇ. ಎರಡನೇ ಕ್ಲಾಸಿಗೆ ಭಾಷಣದ ಇಂಗ್ಲಿಷ್ ಬೇಡ. ಪುಸ್ತಕ ತೆಗೆಯಿರಿ, ಇಬ್ಬಿಬ್ಬರು ಕೂರಿ, ನನಗೆ ತೋರಿಸಿ — ಇಂಥ ಚಿಕ್ಕ ವಾಕ್ಯಗಳನ್ನು ಮನೆಯಲ್ಲಿ ಜೋರಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಮರಾಠಿ ಕಲಿಸುವುದನ್ನು ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಕಾಯ್ದೆ ಕಡ್ಡಾಯ ಮಾಡಿದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಬೇರೆ ಟೀಚರ್ ಇರುತ್ತಾರೆ. ನಿಮಗೆ ಬೇಕಾಗುವುದು ಅಜ್ಜಿಯರ ಜೊತೆ, ಶಾಲೆಯ ಮಾವಶಿಯರ (ಆಯಾಗಳ) ಜೊತೆ ಮಾತಾಡುವಷ್ಟು. ‘ಕಲಿಯುತ್ತಿದ್ದೇನೆ’ ಎಂದು ಮರಾಠಿಯಲ್ಲೇ ಹೇಳಿ: ‘ಮೀ ಶಿಕತೇಯ’. ಕನ್ನಡ ಬರುತ್ತದೆ ಎಂಬುದನ್ನೂ ಮುಚ್ಚಿಡಬೇಡಿ. ಆ ಕಡೆ ನಮ್ಮ ಮಕ್ಕಳು ಬೇಕಾದಷ್ಟಿವೆ.

ಇಂಟರ್‌ವ್ಯೂ ಭಾನುವಾರ ಇದ್ದರೆ ಮೆಗಾ ಬ್ಲಾಕ್ (ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವುದು, ಬೇರೆ ಹಳಿಗೆ ತಿರುಗಿಸುವುದು) ಇದೆಯಾ ನೋಡಿಕೊಳ್ಳಿ. ಸೆಂಟ್ರಲ್ ಲೈನಿನಲ್ಲಿ ಎಷ್ಟೋ ಸಲ ಅದು ಮಾಟುಂಗ–ಮುಲುಂಡ್ ನಡುವೆಯೇ ಬೀಳುತ್ತದೆ.

ಒರಿಜಿನಲ್ ಸರ್ಟಿಫಿಕೇಟ್ ತೋರಿಸಿ, ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ. ಝೆರಾಕ್ಸ್ ಮಾತ್ರ ಕೊಡಿ. ಸಂಬಳ ಕೇಳಲು ಸಂಕೋಚ ಬೇಡ. ತಿಂಗಳಿಗೆ ಎಷ್ಟು ಎಂಬುದರ ಜೊತೆಗೆ ಬೇಸಿಗೆ ರಜೆಯಲ್ಲೂ ಕೊಡ್ತೀರಾ ಎಂದು ಕೇಳಿ. ಹತ್ತೇ ತಿಂಗಳ ಲೆಕ್ಕದಲ್ಲಿ ತೆಗೆದುಕೊಳ್ಳುವ ಶಾಲೆಗಳೂ ಇವೆ. ಕೊಡ್ತೀವಿ ಅಂದರೆ ಅದನ್ನು ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬರೆಸಿಕೊಳ್ಳಿ.